ಒಂಬತ್ತನೇ ನಂಬರಿಗೆ ಹತ್ತಕ್ಕೆ ಹತ್ತು

ನನ್ನ ನಾಲಿಗೆಯ ಬಗ್ಗೆ ನನಗಿದ್ದಷ್ಟು ಗೌರವ ಬಲ್ಗೇರಿಯದ ಇಡೀ ಪ್ಲೋವ್ದಿವ್ ಊರಿನಲ್ಲಿ ಇನ್ಯಾರಿಗೂ ಇರಲಿಲ್ಲ. ಮೂವತ್ತು ವರ್ಷ ಸೇದಿದ ಸಿಗರೇಟನ್ನು ಐದು ತಿಂಗಳ ಹಿಂದೆ ಬಿಟ್ಟು ಇ-ಸಿಗರೇಟಿಗೆ ಬಂದವನು ನಾನು. ಅಂದಿನಿಂದ ನಾಲಿಗೆ ಮರುಜನ್ಮ ಪಡೆದಿತ್ತು. ಬ್ರೆಡ್ಡಿನ ಚೂರು ಬಾಯಿಗಿಟ್ಟರೆ ಸಾಕು, ಯಾವ ಬೇಕರಿಯದೆಂದು ಹೇಳುತ್ತಿದ್ದೆ.

“ಚೀಲದ ಮೇಲೆ ಬರೆದಿರತ್ತಲ್ಲ” ಅನ್ನುತ್ತಿದ್ದಳು ಹೆಂಡತಿ ಪೆಂಕಾ.

ನಮ್ಮ ಬೀದಿಯ ತುದಿಯಲ್ಲಿ ದೋಬ್ರಿಯ ಅಂಗಡಿ. ಇ-ಸಿಗರೇಟಿಗೆ ಹಾಕುವ ಲಿಕ್ವಿಡ್ಡನ್ನು ತಾನೇ ಬೆರೆಸಿ ಮಾರುತ್ತಾನೆ. ಎದುರಿಗೇ ದೊಡ್ಡ ಅಂಗಡಿಯೊಂದು ತೆರೆದ ಮೇಲೆ ಅವನ ಗಿರಾಕಿಗಳು ರಸ್ತೆ ದಾಟಿದ್ದರು. ಬೇರೆಲ್ಲೂ ಸಿಗದ ಒಂದು ಹೊಸ ರುಚಿ ಹುಟ್ಟಿಸದಿದ್ದರೆ ಬಾಗಿಲು ಹಾಕಬೇಕಿತ್ತು. ಎಳೆದು ನೋಡಿ ಒಂದನ್ನು ಆರಿಸಲೆಂದು, ನಂಬರು ಹಾಕಿದ ಹನ್ನೆರಡು ಬಾಟಲಿಗಳನ್ನು ನನ್ನ ಕೈಗಿಟ್ಟ.

“ಅಣ್ಣ, ದಿನಕ್ಕೆ ಮೂರೇ ಮೂರು. ಜಾಸ್ತಿಯಾದ್ರೆ ನಾಲಿಗೆ ಸತ್ತೋಗತ್ತೆ. ಮಧ್ಯೆ ನೀರು ಕುಡೀರಿ, ಕಾಫಿ ಬೀಜ ಮೂಸಿ.”

“ಅದೆಲ್ಲ ಸಾಧಾರಣ ನಾಲಿಗೆಗಳಿಗೆ, ದೋಬ್ರಿ” ಎಂದೆ.

ಶನಿವಾರ ಬೆಳಿಗ್ಗೆ ಪೆಂಕಾ ಮತ್ತು ಅತ್ತೆ ಸ್ಟಾಂಕಾ ಅಂಗಳದಲ್ಲಿ ಕೆಂಪು ದಪ್ಪ ಮೆಣಸಿನಕಾಯಿ ಸುಡುತ್ತಿದ್ದರು. ಚಳಿಗಾಲ ಪೂರ್ತಿ ಬ್ರೆಡ್ಡಿಗೆ ಹಚ್ಚುವ ಲ್ಯುತೆನಿತ್ಸ ಗೊಜ್ಜು ಆ ಒಂದು ದಿನವೇ ಆಗಬೇಕು. ನಾನು ನ್ಯಾಯಾಧೀಶನ ಗತ್ತಿನಲ್ಲಿ ಬಾಲ್ಕನಿಯಲ್ಲಿ ಕೂತೆ. ಒಂದನೆಯದು ಪ್ಲಮ್: ಹಣ್ಣಿದೆ, ಸಿಪ್ಪೆಯಿಲ್ಲ, ಆರು ಅಂಕ. ಎರಡನೆಯದು ಗುಲಾಬಿ: ಚಿಕ್ಕಮ್ಮನ ಕರ್ಚೀಫು, ನಾಲ್ಕು ಅಂಕ. ಆರನೆಯದರ ಹೊತ್ತಿಗೆ ಎಲ್ಲವೂ ಒದ್ದೆ ರಟ್ಟಿನಂತೆ ತೋರತೊಡಗಿತು. ತಪ್ಪು ಲಿಕ್ವಿಡ್ಡಿನದೇ ಎಂದು ತೀರ್ಮಾನಿಸಿದೆ. ಒಂಬತ್ತನೆಯದು ಮಾತ್ರ ಬೇರೆ. ಗದ್ದಲವಿಲ್ಲ, ಅಬ್ಬರವಿಲ್ಲ. ಕೂಡಲೇ ದೋಬ್ರಿಗೆ ಫೋನ್ ಮಾಡಿದೆ.

“ಒಂಬತ್ತು, ಕಣಯ್ಯ. ಮುಂಜಾನೆಯ ಮಂಜಿನಂಥ ಪ್ರೌಢ ರುಚಿ. ಹತ್ತಕ್ಕೆ ಹತ್ತು.”

“ನಿಜವಾಗ್ಲೂ, ಅಣ್ಣ? ಇವತ್ತೇ ಇಪ್ಪತ್ತು ಲೀಟರ್ ಬೆರೆಸ್ತೀನಿ.”

ಅಷ್ಟರಲ್ಲಿ ಕೆಳಗಿನಿಂದ ಪೆಂಕಾ ಕೂಗಿದಳು. “ರೀ, ನಿಮ್ಮ ಘನವಾದ ನಾಲಿಗೆ ಮನೆಗೂ ಒಂಚೂರು ಉಪಯೋಗಕ್ಕೆ ಬರ್ಲಿ. ಉಪ್ಪು ನೋಡಿ.”

ನೋಡಿದೆ. ಉಪ್ಪೇ ಇಲ್ಲ. ಒಂದು ಹಿಡಿ ಹಾಕಿಸಿದೆ. ಆಗಲೂ ಇಲ್ಲ. ಮೂರನೇ ಹಿಡಿಗೆ ಅತ್ತೆ ಸೌಟು ಕಿತ್ತುಕೊಂಡು ನೆಕ್ಕಿದರು. ನೆಕ್ಕಿದವರು ಹಾಗೇ ಕುರ್ಚಿಗೆ ಕುಸಿದರು.

“ಅಳಿಯಂದ್ರೇ, ಕಪ್ಪು ಸಮುದ್ರಾನ ಇದರೊಳಗೆ ಸುರಿದ್ರಾ?”

ಪೆಂಕಾ ಒಂದು ಹನಿ ನಾಲಿಗೆಗಿಟ್ಟು ನನ್ನನ್ನೇ ನೋಡಿದಳು. ಇಪ್ಪತ್ತೈದು ಕಿಲೋ ಮೆಣಸಿನಕಾಯಿ ಸುಟ್ಟು ಸಿಪ್ಪೆ ಸುಲಿದ ಕೈ ಅವಳದು. ಬೈದಿದ್ದರೆ ಚೆನ್ನಾಗಿತ್ತು.

ಅದೇ ಗಳಿಗೆಗೆ ದೋಬ್ರಿ ಏದುಸಿರು ಬಿಡುತ್ತ ಒಳಗೆ ಬಂದ.

“ಅಣ್ಣ, ಬೆರೆಸೋಣ ಅಂತ ಅಳತೆ ಬರೆದಿಟ್ಟ ಪುಸ್ತಕ ತೆಗೆದೆ. ಒಂಬತ್ತನೇ ಪುಟ ಖಾಲಿ. ಆ ಬಾಟಲಿಗೆ ರುಚಿ ಹಾಕೋದನ್ನೇ ಮರೆತಿದ್ದೆ.”

ಭೂಮಿ ಬಾಯಿ ಬಿಡಲಿಲ್ಲ. ಅತ್ತೆ ಬಿಟ್ಟರು. ಅವರು ಅಷ್ಟು ನಕ್ಕಿದ್ದನ್ನು ನಾನು ಮದುವೆಯಲ್ಲೂ ಕಂಡಿರಲಿಲ್ಲ.

ಆದರೆ ದೋಬ್ರಿ ನಗಲಿಲ್ಲ. “ನಿಮ್ಮನ್ನೇ ನಂಬಿದ್ದೆ” ಎಂದು ಮೆಟ್ಟಿಲ ಮೇಲೆ ಕೂತ. ಅವನ ಮುಖ ನೋಡಿ ನನ್ನ ಗತ್ತೆಲ್ಲ ಇಳಿಯಿತು. ಮೂರರ ಮಿತಿ ಮೀರಿದ್ದನ್ನು ಒಪ್ಪಿಕೊಂಡೆ.

ಪೆಂಕಾ ಕೈ ಒರೆಸಿಕೊಂಡು ಬಾಟಲಿಗಳನ್ನು ತರಿಸಿದಳು. ಜನ್ಮದಲ್ಲಿ ಹೊಗೆ ಎಳೆದವಳಲ್ಲ. ಕಾಗದದ ಚೂರಿಗೆ ಒಂದೊಂದು ಹನಿ ಬಿಟ್ಟು ಮೂಸಿದಳು, ಅಷ್ಟೆ. ನಾಲ್ಕನೆಯದಕ್ಕೆ ಬಂದು ನಿಂತಳು. ಏಳನೆಯದನ್ನು ಅದರ ಪಕ್ಕಕ್ಕೆ ಹಿಡಿದಳು.

“ಇದು ಕ್ವಿನ್ಸ್ ಹಣ್ಣು, ಇದು ಅಕ್ರೋಟು. ಎರಡೂ ಸೇರ್ಸಿ ನೋಡಪ್ಪ. ನಮ್ಮಜ್ಜಿ ಕ್ವಿನ್ಸನ್ನ ಬಟ್ಟೆ ಬೀರುವಿನಲ್ಲಿ ಇಡ್ತಿದ್ರು. ಬಾಗಿಲು ತೆಗೆದ್ರೆ ಹೀಗೇ ಘಮ ಅನ್ನೋದು.”

ದೋಬ್ರಿ ಬೆರೆಸಿ ಒಂದು ದಮ್ಮು ಎಳೆದ. ಕಣ್ಣು ಮುಚ್ಚಿದವನು ಎಷ್ಟೋ ಹೊತ್ತು ತೆರೆಯಲಿಲ್ಲ.

“ಪೆಂಕಾ ಅಕ್ಕ, ನಮ್ಮಜ್ಜೀನೂ ಇಡ್ತಿದ್ರು” ಎಂದ ಕೊನೆಗೆ.

ಮರುದಿನ ನಾನೇ ಮತ್ತೆ ಇಪ್ಪತ್ತೈದು ಕಿಲೋ ಹೊತ್ತು ತಂದು, ಸುಟ್ಟು, ಸುಲಿದು, ಉಪ್ಪಿಲ್ಲದೆ ಕುದಿಸಿ ಹಳೆಯದಕ್ಕೆ ಸೇರಿಸಿದೆ. ಗೊಜ್ಜು ಬೀದಿಗೆಲ್ಲ ಹಂಚುವಷ್ಟಾಯಿತು. ನಾಲಿಗೆ ನಾಲ್ಕನೇ ದಿನ ಮರಳಿತು. ‘ಅಜ್ಜಿಯ ಬೀರು’ ಎಂಬ ಹೆಸರಿನ ಲಿಕ್ವಿಡ್ಡಿಗೆ ಮೊದಲ ವಾರವೇ ಜನ ರಸ್ತೆ ದಾಟಿ ಈಚೆಗೆ ಬಂದರು.

ರುಚಿ ನೋಡುವ ಅಧಿಕಾರವನ್ನು ದೋಬ್ರಿ ಪೆಂಕಾಗೇ ಕೊಟ್ಟ. ನನಗೂ ಒಂದು ಕೆಲಸ ಕೇಳಿದೆ. ಬಾಟಲಿಗಳಿಗೆ ಚೀಟಿ ಅಂಟಿಸಲು ಹಚ್ಚಿದ. ಮೊದಲ ಚೀಟಿ ಕೈಗೆತ್ತಿಕೊಂಡೆ. ದೋಬ್ರಿ ಮೆಲ್ಲಗೆ ನನ್ನ ಕೈ ಹಿಡಿದ.

“ಅಣ್ಣ, ಅದಕ್ಕೆ ಅಂಟು ಮೊದಲೇ ಇದೆ. ದಯವಿಟ್ಟು ನೆಕ್ಕಬೇಡಿ.”