ಎಮ್ಮೆಗೆ ನೆಟ್ ಹುಡುಕಿದ ಬರಗಾಲ

ಮೊಬೈಲ್ ನೆಟ್ ಬಂದ ಮೇಲೆ ನಮ್ಮ ಕಡೆ ದೆವ್ವಗಳಿಗೆ ಕೆಲಸ ಕಡಿಮೆಯಾಯಿತು, ಜನ ಹೆದರುವುದು ಮಾತ್ರ ನಿಂತಿಲ್ಲ. ನನಗಂತೂ ಆ ಬರಗಾಲದಲ್ಲಿ ಇಂಥವು ಒಂದಾದ ಮೇಲೊಂದು ಆದವು, ಎಲ್ಲಕ್ಕೂ ಕಾರಣ ಒಂದು ಎಮ್ಮೆ.

ಗೋರಿಗಳ ಗೋಡೆ

ಬಾವಿ ಬತ್ತಿದ ವರ್ಷ ಹಲಬರ್ಗಾದ ನಮ್ಮ ಓಣಿಯ ಅರ್ಧ ಮನೆಗಳಿಗೆ ಬೀಗ ಬಿತ್ತು. ಪಕ್ಕದ ಮನೆಯಾಕೆ ಗಂಡನ ಜೊತೆ ಹೈದರಾಬಾದಿನ ಇಟ್ಟಿಗೆ ಭಟ್ಟಿಗೆ ಹೊರಟಾಗ ತನ್ನ ಎಮ್ಮೆಯನ್ನು ನಮ್ಮಲ್ಲಿ ಕಟ್ಟಿದಳು. "ಅಕ್ಕಾ, ಇದು ಹಾಲ ನಿಲ್ಲಿಸ್ತಂದ್ರ ನಮ್ಮನ್ಯಾವ್ರು ಮಾರಿಬಿಡ್ತಾರರಿ," ಎಂದು ನನ್ನ ಹೆಂಡತಿಯ ಕೈ ಹಿಡಿದು ಅತ್ತಳು. ಎಮ್ಮೆಗೋ ಅವಳ ದನಿಯೇ ಬೇಕು. ಹೆಂಡತಿ ಎಷ್ಟು ಸವರಿದರೂ ಒಂದು ತೊಟ್ಟು ಬಿಡಲಿಲ್ಲ.

ವಿಡಿಯೋ ಕಾಲ್ ಮಾಡೋಣ ಎಂದೆ. ನೆಟ್ ಸಿಗುತ್ತಿದ್ದದ್ದು ಊರ ಹೊರಗಿನ ಹಳೇ ಗೋರಿಗಳ ಗೋಡೆಯ ಹತ್ತಿರ ಮಾತ್ರ. ಸಂಜೆ ಎಮ್ಮೆಯನ್ನು ಅಲ್ಲಿಗೆ ಹೊಡೆದುಕೊಂಡು ಹೋಗಿ ಫೋನನ್ನು ಗೋಡೆಯ ಗೂಡಿನಲ್ಲಿಟ್ಟೆವು. ಹೆಂಡತಿ ಎಮ್ಮೆಯ ಮರೆಯಲ್ಲಿ ಕೂತಳು. "ಬಾ ನನ್ನವ್ವಾ, ಬಾ," ಎಂದು ಗೋರಿಗಳ ನಡುವಿನಿಂದ ಹೆಣ್ಣು ದನಿ ಬಂತು. ಹಾಲು ಇಳಿಯಿತು. ಭಾಲ್ಕಿಯಿಂದ ಬರುತ್ತಿದ್ದವನೊಬ್ಬ ಬೈಕನ್ನು ಅಲ್ಲೇ ಕೆಡವಿ ಓಡಿದ. ಮರುದಿನ ಹೋಟೆಲಿನಲ್ಲಿ, "ದೆವ್ವ ನನಗೇ ಕರೀತರಿ," ಎಂದು ಆಣೆ ಮಾಡಿದ. ಅಷ್ಟು ದಪ್ಪ ಮೀಸೆಯವನನ್ನು ಅದು ಅವ್ವಾ ಎಂದು ಯಾಕೆ ಕರೆಯಿತೆಂದು ಯಾರೂ ಕೇಳಲಿಲ್ಲ.

ಔರಾದ ಬಸ್ಸು

ನಾನು ಔರಾದಿನಲ್ಲಿ ಮಾಸ್ತರ. ಒಂದು ಬೆಳಿಗ್ಗೆ ಬಸ್ಸಿನಲ್ಲಿದ್ದಾಗ ಪಕ್ಕದ ಮನೆಯಾಕೆಯ ಕಾಲ್ ಬಂತು. ನೆಟ್ ಹೋಗಿಬಂದು ಮಾಡುತ್ತಿತ್ತು, ಪರದೆ ಕಪ್ಪಗಿತ್ತು. ಎಮ್ಮೆ ಮುಂದೆಯೇ ಇದೆಯೆಂದು ತಿಳಿದ ಅವಳು, "ಒದಿಬ್ಯಾಡ ನನ್ನವ್ವಾ, ಸುಮ್ನ ನಿಂದ್ರು," ಎಂದಳು. ಪಕ್ಕದಲ್ಲಿದ್ದ ಮುದುಕಿ ಕಾಲು ಎಳೆದುಕೊಂಡು, "ನಾ ಯಾರಿಗಿ ಒದ್ದೀನಿ?" ಎಂದಳು. ಫೋನಿನಿಂದ ಮತ್ತೆ, "ತಡಿ, ನಾ ಬರ್ತೇನಿ," ಎಂದು ಬಂದು ಕಾಲ್ ಕಡಿಯಿತು. ಮುದುಕಿ ತನ್ನ ಊರು ಬರುವ ಮೊದಲೇ ಇಳಿದುಬಿಟ್ಟಳು.

ನೆಟ್ ಇಲ್ಲದ ಸಂಜೆ

ಆಮೇಲೆ ಅವಳ ಫೋನೇ ಹತ್ತಲಿಲ್ಲ. ಎಮ್ಮೆ ಹಾಲು ನಿಲ್ಲಿಸಿತು. ಅವಳ ಗಂಡ ಊರವರ ಕೈಲಿ, ಮಾರಿಬಿಡ್ರಿ ಎಂದು ಹೇಳಿ ಕಳಿಸಿದ. ಹಗ್ಗ ಹಿಡಿದು ದಲಾಲ ಬಂದೇಬಿಟ್ಟ. "ಕಡೀ ಸಲ ಗೋಡಿ ಹತ್ರ ನೋಡೋಣ್ರಿ," ಎಂದಳು ಹೆಂಡತಿ. ನಾಲ್ವರೂ ಹೋದೆವು, ಎಮ್ಮೆಯೂ ಸೇರಿ.

ಹೊತ್ತು ಮುಳುಗುತ್ತಿತ್ತು. ಕಾಲ್ ಹಚ್ಚುವಷ್ಟರಲ್ಲಿ ಬ್ಯಾಟರಿ ಸತ್ತು ಫೋನ್ ಕಪ್ಪಾಯಿತು. ದಲಾಲ ಕೊರಳಿಗೆ ಹಗ್ಗ ಹಾಕಲು ಮುಂದೆ ಬಂದ. ಆಗ ಗೋರಿಗಳ ಹಿಂದಿನಿಂದ ಅದೇ ದನಿ: "ಬಾ ನನ್ನವ್ವಾ, ಬಾ." ಎಮ್ಮೆ ಕಿವಿ ನಿಮಿರಿಸಿತು, ಹೆಂಡತಿ ಹಿಡಿದ ಚರಿಗೆಯಲ್ಲಿ ಹಾಲು ಬಿದ್ದ ಸದ್ದು ಕೇಳಿತು. ಕೈಯಲ್ಲಿದ್ದ ಸತ್ತ ಫೋನನ್ನು ನೋಡಿದೆ. ಅವಳು ಭಟ್ಟಿಯಲ್ಲೇ ತೀರಿಹೋಗಿ ಎಮ್ಮೆಯ ಮೇಲಿನ ಆಸೆಗೆ ದನಿ ಮಾತ್ರ ಬಂದಿದೆ ಅನ್ನಿಸಿ ಕರುಳು ಹಿಂಡಿತು. ಕರುಳು ಹಿಂಡಿದರೂ ಕಾಲು ನಿಲ್ಲಲಿಲ್ಲ. ದಲಾಲ ಮುಂದೆ, ನಾನು ಹಿಂದೆ.

ನಿಂತು ತಿರುಗಿದಾಗ ಗೋರಿಗಳ ಹಿಂದಿನ ಬಸ್ ನಿಲ್ದಾಣದ ಕಾಲುದಾರಿಯಿಂದ, ತಲೆಯ ಮೇಲೆ ಗಂಟು ಹೊತ್ತು ಅವಳು ಬರುತ್ತಿದ್ದಳು. ಎಮ್ಮೆಯ ಕೊರಳು ತಬ್ಬಿಕೊಂಡು, ನನ್ನನ್ನು ನೋಡಿ ಹೇಳಿದಳು:

"ಯಾಕ ಓಡ್ತೀರಿ ಮಾಸ್ತರ್ರ? ಫೋನ್ ನೀರಾಗ ಬಿದ್ದು ಹಾಳಾಯ್ತರಿ, ಅದಕ್ಕ ನಾನೇ ಬಂದೀನಿ."