ರುದ್ರಪ್ಪನವರು ಓದಿದ ಸುದ್ದಿ

ಕಂಡದ್ದನ್ನೆಲ್ಲ ನಂಬಬೇಡಿ ಎಂದು ಊರಿಗೆಲ್ಲ ಹೇಳುವವನು, ತನಗೆ ಲಾಭವಾಗುವ ಸುಳ್ಳು ಎದುರಾದಾಗ ಏನು ಮಾಡುತ್ತಾನೆ? ನನ್ನ ಅನುಭವ ಕೇಳಿದರೆ, ಸುಮ್ಮನೆ ಟೀ ಕುಡಿಯುತ್ತಾನೆ.

ಎಂಬತ್ತರ ದಶಕದ ಆರಂಭ. ಹೊನ್ನಾಳಿಯ ಕಾಲೇಜೊಂದರಲ್ಲಿ ಪತ್ರಿಕೋದ್ಯಮವೆಂಬ ಹೊಸ ವಿಷಯಕ್ಕೆ ನಾನೊಬ್ಬನೇ ಮೇಷ್ಟ್ರು. ಪತ್ರಿಕೆಯನ್ನು ಹೇಗೆ ಓದಬೇಕು, ರೇಡಿಯೋವನ್ನು ಹೇಗೆ ಕೇಳಬೇಕು ಎಂದು ಕಲಿಸುವ ಕೆಲಸ. "ಪೇಪರ್ ಓದಾಕೂ ಮೇಷ್ಟ್ರು ಬೇಕೇನ್ರೀ? ನಮ್ಮ ಚನ್ನಗಿರ್‍ಯಾಗೆ ಕಣ್ಣಿದ್ರೆ ಸಾಕು" ಎಂದು ನನ್ನ ಮಾವನವರು ಬೀಗರೆದುರೇ ನನ್ನ ಮರ್ಯಾದೆ ತೆಗೆದಿದ್ದರು. ವಿದ್ಯಾರ್ಥಿಗಳೂ ಅದೇ ಮತದವರು. ಆ ವರ್ಷ ಸೇರಿದ್ದು ನಾಲ್ಕೇ ಜನ. "ಶನಿವಾರದೊಳಗೆ ಹತ್ತು ಜನ ಆಗ್ಲಿಲ್ಲ ಅಂದ್ರೆ ಈ ವಿಷಯ ಮುಚ್ಚಬೇಕಾಗ್ತೈತೆ ನೋಡ್ರಿ" ಎಂದರು ಪ್ರಿನ್ಸಿಪಾಲರು. ವಿಷಯ ಮುಚ್ಚಿದರೆ ನನ್ನ ನೌಕರಿಯೂ ಹೋದಂತೆಯೇ. ಎರಡು ದಿನ ಅನ್ನ ಸೇರಲಿಲ್ಲ.

ಊರಿಗೆ ಪೇಪರು ದಾವಣಗೆರೆ ಬಸ್ಸಿನಲ್ಲಿ ಬರುತ್ತಿತ್ತು. ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಅದನ್ನು ಗಟ್ಟಿಯಾಗಿ ಓದುವ ಹಕ್ಕು ಅಡಿಕೆ ವ್ಯಾಪಾರಿ ರುದ್ರಪ್ಪನವರದು. ಮಹಾ ಕರುಣಾಳು, ಅಚ್ಚಾದ ಸುದ್ದಿ ಸಪ್ಪೆಯಾಗಿದ್ದರೆ ತಮ್ಮ ನಾಲ್ಕು ಮಾತು ಸೇರಿಸಿಯೇ ಓದುವರು. ಬುಧವಾರ ಅವರ ಪಕ್ಕ ಕುಳಿತು ನನ್ನ ಕಷ್ಟ ಹೇಳಿಕೊಂಡೆ. ಅವರು ಪುಟ ತಿರುವಿ, ದನಿ ಏರಿಸಿ, "ಪತ್ರಿಕೋದ್ಯಮ ಓದಿದೋರಿಗೆ ರೇಡಿಯೋದಾಗೆ ಕೆಲಸ ಐತಂತೆ! ನಮ್ಮ ಹುಡುಗ್ರು ಏನ್ ಮಾಡ್ತಾ ಕುಂತಾರೋ!" ಎಂದು ಓದಿಬಿಟ್ಟರು. ಬಗ್ಗಿ ನೋಡಿದೆ. ಅಲ್ಲಿದ್ದದ್ದು ಗೊಬ್ಬರದ ಜಾಹೀರಾತು. ಸುಳ್ಳು ಎನ್ನಬೇಕಿತ್ತು; ಟೀ ಲೋಟ ಎತ್ತಿಕೊಂಡೆ.

ಶನಿವಾರಕ್ಕೆ ಹನ್ನೊಂದು ಜನ! ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಸಂತೋಷವಾಯಿತು.

ಸೋಮವಾರ ಮೊದಲ ಪಾಠ, ಸುದ್ದಿಯ ಮೂಲ ವಿಚಾರಿಸುವುದು. ಆ ಹೊಸ ಮುಖಗಳನ್ನು ನೋಡಿ ಪುಸ್ತಕ ಮುಚ್ಚಿಟ್ಟೆ. ನೌಕರಿ ಹೋದರೆ ಹೋಗಲಿ, ಹಾಳಾಗಲಿ ಎಂದು ಇದ್ದದ್ದು ಇದ್ದಂತೆ ಹೇಳಿ, "ಬೇಡವಾದವರು ಎದ್ದು ಹೋಗಬಹುದು" ಎಂದೆ. ಯಾರೂ ಹೋಗಲಿಲ್ಲ. ನ್ಯಾಮತಿಯಿಂದ ಬರುತ್ತಿದ್ದ ಗಿರಿಜಾ ಎದ್ದು ನಿಂತಳು.

"ಗೊತ್ತು ಸಾರ್. ಅವತ್ತೇ ಲೈಬ್ರರಿಗೆ ಹೋಗಿ ಪೇಪರ್ ನೋಡಿದ್ವಿ. ಅಂಥಾ ಸುದ್ದಿನೇ ಇರ್ಲಿಲ್ಲ."

"ಮತ್ತೆ ಸೇರಿದ್ದು ಯಾಕಮ್ಮಾ?"

"ನೀವು ಅವ್ರ ಪಕ್ಕದಾಗೇ ಕುಂತಿದ್ರಂತಲ್ಲ ಸಾರ್. ನಿಜ ಯಾವಾಗ ಹೇಳ್ತೀರಿ ಅಂತ ನೋಡಾಕೆ ಬಂದ್ವಿ."

ಆ ಮಕ್ಕಳಿಗೆ ಕಲಿಸಲು ನನ್ನಲ್ಲಿ ಇನ್ನೇನೂ ಉಳಿದಿರಲಿಲ್ಲ. ಆದರೂ ವರ್ಷವಿಡೀ ಕಲಿಸಿದೆ, ಸಂಬಳ ತೆಗೆದುಕೊಳ್ಳುತ್ತಿದ್ದೆನಲ್ಲ.