ಡೀಸೆಲ್ ಮುಚ್ಚಳಕ್ಕೆ ವಿಭೂತಿ

ನಮ್ಮ ಪಿಕಪ್ ಗಾಡಿ ಕೈಬಿಟ್ಟುಹೋದದ್ದು ಯಾರಿಂದ ಎಂಬ ವಾದ ನಮ್ಮ ಮನೆಯಲ್ಲಿ ಇನ್ನೂ ಮುಗಿದಿಲ್ಲ. ಅಪ್ಪನ ಬಾಯಿಂದ ಎನ್ನುತ್ತಾರೆ ಅಮ್ಮ. ಅಮ್ಮನ ಹರಕೆಗಳಿಂದ ಎನ್ನುತ್ತಾರೆ ಅಪ್ಪ. ಮೆಕ್ಯಾನಿಕ್ ಸುನಿಲ್‌ಕುಮಾರಣ್ಣ ಗಾಡಿಯ ಹಣೆಬರಹ ಎನ್ನುತ್ತಾನೆ. ನನ್ನ ಹೆಸರನ್ನು ಈವರೆಗೆ ಯಾರೂ ಎತ್ತಿಲ್ಲ. ನನ್ನ ಸಂಕಟ ಅದೇ.

ಮದುವೆ ಅಡುಗೆಯ ಪಾತ್ರೆಗಳನ್ನು ಮಧುಗಿರಿಯಿಂದ ಸುತ್ತಲಿನ ಊರುಗಳಿಗೆ ಸಾಗಿಸುವ ಬಾಡಿಗೆ ಗಾಡಿ ನಮ್ಮದು. ಓಡಿಸುವವರು ಅಪ್ಪ ಮಹಾಲಿಂಗಯ್ಯ. ಕಾಲೇಜು ಬಿಟ್ಟ ಮೇಲೆ ಪಕ್ಕದ ಸೀಟು ನನ್ನದು. (ನಾನಾಗಿ ಬಿಟ್ಟದ್ದಲ್ಲ. ಹಾಜರಿ ಕೂಗಿದಾಗ ನಾನು ಹೇಳುವ 'ಯೆಸ್ ಸಾರ್' ಅಂಗಿಯ ಎರಡನೇ ಗುಂಡಿ ದಾಟಿ ಮುಂದೆ ಹೋಗುತ್ತಿರಲಿಲ್ಲ. ವರ್ಷದ ಕೊನೆಗೆ ನೋಡಿದರೆ ನಾನು ಕಾಲೇಜಿಗೇ ಬಂದಿರಲಿಲ್ಲ.)

ಗಾಡಿಯ ವಿಷಯದಲ್ಲಿ ನನಗೆ ಒಪ್ಪಿಸಿದ್ದ ಮಹಾ ಜವಾಬ್ದಾರಿ ಒಂದೇ. ಸೋಮವಾರ ಬೆಳಿಗ್ಗೆ ಅದಕ್ಕೆ ಸ್ನಾನ ಮಾಡಿಸಿ ವಿಭೂತಿ ಹಚ್ಚುವುದು. ವಿಭೂತಿ ಇಲ್ಲದೆ ನಮ್ಮ ಮನೆಯಿಂದ ಯಾರೂ ಹೊರಡುವುದಿಲ್ಲ, ಗಾಡಿ ಕೂಡ. ಅಪ್ಪನಾದರೆ ಮೂರು ಬೆರಳಿನಲ್ಲಿ ಬಳಿದು ಎದ್ದುಬಿಡುತ್ತಿದ್ದರು. ನನಗೆ ಆ ಅವಸರ ಒಗ್ಗದು. ಮೊದಲ ಸೋಮವಾರವೇ ವಿಭೂತಿ ಗಟ್ಟಿಯನ್ನು ನೀರಿನಲ್ಲಿ ತೇಯ್ದು, ಸ್ಕೇಲು ಇಟ್ಟು, ಬಾನೆಟ್ಟಿಗೆ, ಚಕ್ರಗಳಿಗೆ, ಸ್ಟೇರಿಂಗಿಗೆ ಮೂರು ಮೂರು ಗೆರೆ ಎಳೆದೆ. ಕೊನೆಗೆ ಡೀಸೆಲ್ ಟ್ಯಾಂಕಿನ ಮುಚ್ಚಳ. "ಅದು ಅನ್ನ ತಿನ್ನೋ ಬಾಯಿ ಕಣಪ್ಪ, ಮರೀಬ್ಯಾಡ" ಎಂದಿದ್ದರು ಅಮ್ಮ. ಮುಚ್ಚಳದ ನಟ್ಟನಡುವೆ ಗುಂಡುಸೂಜಿ ಹೋಗುವಷ್ಟು ಒಂದು ತೂತಿತ್ತು. ನಡುಗೆರೆ ಅಲ್ಲಿಗೆ ಬಂದು ತುಂಡಾಗಿ ಕಾಣುತ್ತಿತ್ತು. ನನಗೆ ಸಹಿಸಲಾಗಲಿಲ್ಲ. ತೂತಿಗೆ ವಿಭೂತಿ ತುಂಬಿ, ಹೆಬ್ಬೆರಳಿನಿಂದ ಒತ್ತಿ ಸಮ ಮಾಡಿದೆ. ಗೆರೆ ಅಷ್ಟು ಚೆನ್ನಾಗಿ ಕೂತದ್ದನ್ನು ನೋಡಲು ಅಮ್ಮ ಎರಡು ಸಲ ಹೊರಗೆ ಬಂದರು.

ಆ ವಾರದಿಂದಲೇ ಗಾಡಿಗೆ ಕಾಯಿಲೆ ಶುರುವಾಯಿತು. (ನಿಮಗೆ ಇಷ್ಟರಲ್ಲೇ ಹೊಳೆದಿರಬಹುದು. ನನಗೆ ಹೊಳೆಯಲು ಎರಡು ತಿಂಗಳು ಬೇಕಾಯಿತು.)

ಪಾವಗಡದ ರಸ್ತೆಯಲ್ಲಿ ಮಿಡಿಗೇಶಿ ಬೆಟ್ಟ ಕಾಣುವವರೆಗೆ ಎಲ್ಲ ಸಲೀಸು. ಬೆಟ್ಟ ಕಂಡಿತೋ, ಇಂಜಿನ್ ಬಿಕ್ಕಳಿಸಲು ತೊಡಗುವುದು. ಅಪ್ಪ ಪಕ್ಕಕ್ಕೆ ಹಾಕಿ ನ್ಯೂಟ್ರಲ್‌ಗೆ ತಂದರೆ ನಿಂತಲ್ಲೇ ಚಳಿಜ್ವರ ಬಂದಂತೆ ನಡುಗುವುದು. ಹಿಂದಿದ್ದ ಹಂಡೆ, ಕೊಳಗ, ಸೌಟುಗಳೆಲ್ಲ ಸೇರಿ ಮುಹೂರ್ತಕ್ಕೆ ಮುಂಚೆಯೇ ಮಂಗಳವಾದ್ಯ ನುಡಿಸುವವು. ಆಮೇಲೆ ಒಂದು ನಿಟ್ಟುಸಿರು, ಅಷ್ಟೆ, ಇಂಜಿನ್ ಬಂದ್.

ಅಪ್ಪ ಇಳಿದು, ಡೀಸೆಲ್ ಇದೆಯೇ ಎಂದು ಮುಚ್ಚಳ ತೆಗೆದು ಕಡ್ಡಿ ಅದ್ದಿ ನೋಡುವರು. (ಮೀಟರಿನ ಮುಳ್ಳು ಪ್ರಾಣಬಿಟ್ಟು ಮೂರು ವರ್ಷವಾಗಿತ್ತು.) ಡೀಸೆಲ್ ಇರುತ್ತಿತ್ತು. ಮುಚ್ಚಳ ಹಾಕಿ ಬಂದು ಕೀ ತಿರುಗಿಸಿದರೆ, ಏನೂ ನಡೆದೇ ಇಲ್ಲವೆಂಬಂತೆ ಗಾಡಿ ಹೊರಡುವುದು.

"ನೋಡ್ದೇನ್ಲಾ ಮಲ್ಲೇಶ, ನಾನು ಇಳಿದು ಮೈ ಮುಟ್ಟಿದ್ರೇನೇ ಹೊರಡೋದು. ಮರ್ಯಾದೆ ಕೇಳ್ತೈತೆ ಇದು" ಎನ್ನುವರು ಅಪ್ಪ.

ಮನೆಯಲ್ಲಿ ಅಮ್ಮ ಒಪ್ಪಲಿಲ್ಲ. "ಮರ್ಯಾದೆನೂ ಇಲ್ಲ ಮಣ್ಣೂ ಇಲ್ಲ ಕಣ್ರೀ. ಮಿಡಿಗೇಶಿ ಹತ್ರ ಯಾರ್ದೋ ಕಣ್ಣು ಬಿದ್ದೈತೆ."

"ಈ ಡಬ್ಬಾ ಗಾಡಿ ಮೇಲೆ ಯಾರೇ ಕಣ್ಣು ಹಾಕ್ತಾರೆ? ನಿನ್ ಮೇಲೆ ಹಾಕಿರ್ಬೋದು."

"ನನ್ನ ಯಾವತ್ತು ಕರ್ಕಂಡು ಹೋಗಿದ್ರಿ ಮಿಡಿಗೇಶಿಗೆ? ಆ ಗಾಡೀಲಿ ಊರೂರು ಸುತ್ತಿರೋದು ಹಂಡೆ, ಕೊಳಗ. ನಾನಲ್ಲ."

ಅಪ್ಪ ಸೋತರು. ಅಮ್ಮ ಮನೆದೇವರಿಗೆ ಹರಕೆ ಹೊತ್ತರು, ತೀರ್ಪನ್ನೂ ಕೊಟ್ಟರು. ಇನ್ನು ಸೋಮವಾರ ಮಾತ್ರವಲ್ಲ, ದಿನವೂ ವಿಭೂತಿ. "ಆ ಮುಚ್ಚಳಕ್ಕೆ ಒಸಿ ಜಾಸ್ತೀನೇ ಹಚ್ಚಪ್ಪ." ಹಚ್ಚಿದೆ.

ಸುನಿಲ್‌ಕುಮಾರಣ್ಣನ ಗ್ಯಾರೇಜು ಸಿರಾ ರಸ್ತೆಯಲ್ಲಿದೆ. ಡಾಕ್ಟರು ಮೊದಲು ನಾಲಿಗೆ ನೋಡುವಂತೆ ಅವನು ಮೊದಲು ಮುಚ್ಚಳ ತೆಗೆದು ಡೀಸೆಲ್ ಮೂಸಿ ನೋಡುತ್ತಿದ್ದ. ಆಮೇಲೆ ಸ್ಟಾರ್ಟ್ ಮಾಡಿದರೆ ಗಾಡಿ ಒಂದು ಸಲವೂ ತಡವರಿಸುತ್ತಿರಲಿಲ್ಲ.

"ಏನೂ ಆಗಿಲ್ವಲ್ಲ ಮಾಲಿಂಗಣ್ಣ?"

"ಇಲ್ಲಿ ಆಗಲ್ಲ ಕಣಪ್ಪ. ಮಿಡಿಗೇಶಿಗೆ ಬಂದು ನೋಡು."

"ಅಂಗಾದ್ರೆ ಗ್ಯಾರೇಜ್ ಎತ್ಕಂಡು ಅಲ್ಲೇ ಹೋಗಿ ಇಟ್ಟುಬುಡ್ಲಾ?"

ಆದರೂ ಪಾಪ, ಡೀಸೆಲ್ ಫಿಲ್ಟರ್ ಬದಲಾಯಿಸಿದ, ಏರ್ ಫಿಲ್ಟರ್ ಬದಲಾಯಿಸಿದ, ಪೈಪುಗಳಿಗೆ ಗಾಳಿ ಊದಿದ. ಬೇನೆ ಮಾತ್ರ ಹಾಗೇ ಉಳಿಯಿತು.

ನಾನೂ ಸುಮ್ಮನಿರಲಿಲ್ಲ. ಕಾಲೇಜಿನ ನೋಟ್‌ಪುಸ್ತಕದಲ್ಲಿ ಖಾಲಿ ಹಾಳೆಗಳು ಬೇಕಾದಷ್ಟಿದ್ದವು. ಗಾಡಿ ಎಲ್ಲಿ ನಿಂತಿತು, ಎಷ್ಟು ದೂರ ಓಡಿತ್ತು, ಬಿಸಿಲೋ ಮೋಡವೋ, ಎಲ್ಲ ಬರೆದೆ. ಹನ್ನೊಂದನೇ ಪುಟದಲ್ಲಿ ಹೀಗಿದೆ: 'ಅಪ್ಪ ಮುಚ್ಚಳ ತೆಗೆದಾಗ ಸುಸ್ಸ್ ಎಂದಿತು. ಯಾಕೆ?' ಕೆಳಗೆ ಎರಡು ಗೆರೆ ಎಳೆದಿದ್ದೇನೆ. ಆ ಪುಟ ಹಿಡಿದು ಸುನಿಲ್‌ಕುಮಾರಣ್ಣನ ಬೆನ್ನ ಹಿಂದೆ ಮುಕ್ಕಾಲು ಗಂಟೆ ನಿಂತೆ.

"ಅಣ್ಣಾ... ಮುಚ್ಚಳ..."

ಇಂಜಿನ್ ಓಡುತ್ತಿತ್ತು. "ಏನ್ಲಾ? ಜೋರಾಗಿ ಹೇಳ್ಲಾ!"

"ಏನಿಲ್ಲಣ್ಣ."

ಅದೊಂದು ಮಾತು ಮಾತ್ರ ಅವನಿಗೆ ಸ್ಪಷ್ಟವಾಗಿ ಕೇಳಿಸಿತು.

ಪಾವಗಡದಲ್ಲೊಂದು ಮದುವೆ ಬಂತು. "ಇವತ್ತೂ ಕೈಕೊಟ್ರೆ ಮಾರ್ಬುಡ್ತೀನಿ" ಎಂದು ಅಪ್ಪ ಗಾಡಿಗೆ ಕೇಳಿಸುವಂತೆ ಹೇಳಿದರು. ಮಾತಿಲ್ಲದೆ ಕೂರಲು ನನಗೆ ಪ್ರಪಂಚದಲ್ಲಿ ಇದ್ದ ಒಂದೇ ಜಾಗ ಆ ಪಕ್ಕದ ಸೀಟು. ಅದನ್ನು ಉಳಿಸಿಕೊಳ್ಳಲೆಂದು ನಾನು ಅವತ್ತು ಮುಚ್ಚಳಕ್ಕೆ ಗೋಡೆಗೆ ಗಾರೆ ಮೆತ್ತುವಂತೆ ಮೂರು ಪದರ ಮೆತ್ತಿದೆ.

ಗಾಡಿ ಮೂರು ಕಡೆ ನಿಂತಿತು. ನಾವು ಛತ್ರ ಮುಟ್ಟಿದಾಗ ಗಂಡಿನ ಕಡೆಯವರು ಬಿಸ್ಕತ್ತು ತಿನ್ನುತ್ತಿದ್ದರು. ಅಡುಗೆಯ ಬಸವಲಿಂಗಯ್ಯನವರು ರವೆ ಮೂಟೆಯ ಮೇಲೆ ಕೂತಿದ್ದರು.

"ಏನ್ ಮಾಲಿಂಗಯ್ಯ, ರವೇನಾ ಅಂಗೈ ಮೇಲೆ ಹುರೀಬೇಕಿತ್ತೇನು?"

ಅಪ್ಪ ತಲೆ ತಗ್ಗಿಸಿ ಹಂಡೆ ಇಳಿಸಿದರು. ಅಪ್ಪ ತಲೆ ತಗ್ಗಿಸಿದ್ದನ್ನು ನಾನು ಕಂಡದ್ದು ಅದೇ ಮೊದಲು. ಊಟದ ಹೊತ್ತಿಗೆ ಪಾವಗಡದ ತರಕಾರಿ ವ್ಯಾಪಾರಿ ಅಂಜನ್ ಕುಮಾರ್‌ಗೆ ಗಾಡಿ ಕೊಡುವುದಾಗಿ ಮಾತು ಕೊಟ್ಟುಬಿಟ್ಟರು.

ಅಂಜನ್ ಕುಮಾರ್ ಗಾಡಿ ಒಯ್ಯಲು ಬಂದ ದಿನ ಅಪ್ಪ ಕೊರಟಗೆರೆಗೆ ಕೊನೆಯ ಬಾಡಿಗೆ ಹೋಗಿ ಆಗಷ್ಟೇ ಮರಳಿದ್ದರು. ಅಮ್ಮ ನನ್ನನ್ನು ಹಿತ್ತಲಿಗೆ ಕರೆದರು. "ನಮ್ಮನೆ ವಿಭೂತಿ ಮೈಮೇಲಿಟ್ಕಂಡು ಗಾಡಿ ಪರರ ಮನೆಗೆ ಹೋಗ್ಬಾರ್ದು ಕಣಪ್ಪ. ಎಲ್ಲ ಒರೆಸ್ಬುಡು."

ಬಾನೆಟ್ ಒರೆಸಿದೆ, ಚಕ್ರ ಒರೆಸಿದೆ. ಮುಚ್ಚಳದ ವಿಭೂತಿ ಮಾತ್ರ ಕಲ್ಲಾಗಿ ಕೂತಿತ್ತು. ಅರೆಬರೆ ಕೆಲಸ ನನ್ನಿಂದಾಗದು. ಗುಂಡುಸೂಜಿ ತಂದು, ಕೂತು, ತೂತನ್ನು ಕೆದಕಿದೆ.

ಸುಸ್ಸ್ಸ್!

ಎರಡು ತಿಂಗಳು ಮೂಗು ಹಿಡಿಸಿಕೊಂಡಿದ್ದವನು ಉಸಿರೆಳೆದಂತೆ ಟ್ಯಾಂಕು ಗಾಳಿ ಎಳೆದುಕೊಂಡಿತು. ಒಳಗೆ ಗಾಳಿ ಹೋಗದೆ ಹೊರಗೆ ಡೀಸೆಲ್ ಬಾರದು. ಮುಚ್ಚಳ ತೆರೆದಾಗೆಲ್ಲ ಗಾಳಿ ಹೋಗುತ್ತಿತ್ತು, ಗಾಡಿ ಓಡುತ್ತಿತ್ತು. ಹನ್ನೊಂದನೇ ಪುಟದ ಪ್ರಶ್ನೆಗೆ ಉತ್ತರ ನನ್ನ ಹೆಬ್ಬೆರಳಿನಲ್ಲೇ ಇತ್ತು.

ಓಡಿದೆ. ನಡುಮನೆಯಲ್ಲಿ ತಾಂಬೂಲ ಕೈಬದಲಾಗುತ್ತಿತ್ತು. ಹುಟ್ಟಿದಾಗ ಅತ್ತದ್ದು ಬಿಟ್ಟರೆ ಅಷ್ಟು ಜೋರಾಗಿ ನಾನು ಬಾಯಿ ತೆರೆದದ್ದು ಆಗಲೇ.

"ಅಪ್ಪಾ! ಗಾಡಿ ಸರಿಹೋಯ್ತು!"

ಅಂಜನ್ ಕುಮಾರ್ ಗಹಗಹಿಸಿ ನಕ್ಕ. "ಏಮಯ್ಯಾ, ಮಾರೋ ಹೊತ್ಗೆ ಎಲ್ಲಾರ ಬಂಡೀನೂ ಸರಿಹೋಗ್ತದೆ!"

ಅಪ್ಪನ ಕಿವಿ ಕೆಂಪಾಯಿತು. ನನ್ನ ಕಡೆ ತಿರುಗಿದರು. "ಲೇ, ಇರೋ ರೋಗನೆಲ್ಲ ನಾನು ಮೊದ್ಲೇ ಹೇಳಿದೀನಿ. ಸುಳ್ಳು ಹೇಳಿ ವ್ಯಾಪಾರ ಮಾಡೋ ಮನೆಯಲ್ಲ ಇದು. ಬಾಯಿ ಬರದ ಹುಡುಗ ಅಂದ್ಕಂಡಿದ್ರೆ, ಬಂದಿದ್ದೇ ಸುಳ್ಳಿಗಾ? ಒಳಗೆ ನಡಿ!"

ದನಿ ಮತ್ತೆ ಎರಡನೇ ಗುಂಡಿಗೆ ಇಳಿಯಿತು. ಗಾಡಿ ಹೋಯಿತು.

ಈಗ ವಾರಕ್ಕೆ ಮೂರು ಸಲ ಅಂಜನ್ ಕುಮಾರ್ ತರಕಾರಿ ಹೇರಿಕೊಂಡು ನಮ್ಮ ಮನೆ ಮುಂದೆಯೇ ಹಾದುಹೋಗುತ್ತಾನೆ. "ಎಲ್ಲೂ ನಿಲ್ತಿಲ್ಲ ಮಾಲಿಂಗಣ್ಣ, ಬಂಗಾರಂ!" ಎಂದು ಹಾರನ್ ಹೊಡೆಯುತ್ತಾನೆ. "ನನ್ ಕೈಲಿರೋದು ಅದಕ್ಕೇ ಇಷ್ಟ ಇರ್ಲಿಲ್ಲ" ಎಂದು ಅಪ್ಪ ಒಳಗೆ ಹೋಗಿಬಿಡುತ್ತಾರೆ. ಆ ದಿನ ಅವರಿಗೆ ಊಟ ಸೇರುವುದಿಲ್ಲ.

ಅಪ್ಪ ಇನ್ನೊಂದು ಹಳೇ ಪಿಕಪ್ ತಂದರು. ಅದರ ಮುಚ್ಚಳದಲ್ಲೂ ಅಂಥದೇ ತೂತಿತ್ತು. ಮೊದಲ ಸೋಮವಾರ ಮುಚ್ಚಳವೊಂದನ್ನು ಬಿಟ್ಟು ಎಲ್ಲಕ್ಕೂ ಹಚ್ಚಿದೆ. ಅಪ್ಪ ಬಂದು ನೋಡಿದರು. "ಬಾಯಿಗೇ ಬುಟ್ಬುಟ್ಟಿದ್ಯಲ್ಲೋ! ಹಳೇದಕ್ಕೆ ಎಷ್ಟು ಚೆನ್ನಾಗಿ ಹಚ್ತಿದ್ದೆ" ಎಂದು ತಾವೇ ಹೆಬ್ಬೆರಳಿನಿಂದ ಒತ್ತಿ ತೂತು ತುಂಬಿದರು. ನಿಜ ಹೇಳಲು ಬಾಯಿ ತೆರೆದೆ. ಅವರ ಕಣ್ಣಂಚು ಒದ್ದೆಯಾಗಿತ್ತು. ಬಾಯಿ ಮುಚ್ಚಿಕೊಂಡೆ.

ಹಾಗಾಗಿ ಈಗ ಅಂಗಿಯ ಕಾಲರಿನಲ್ಲಿ ಒಂದು ಗುಂಡುಸೂಜಿ ಇಟ್ಟುಕೊಂಡಿರುತ್ತೇನೆ. ಮಿಡಿಗೇಶಿ ಬೆಟ್ಟ ಕಾಣುವ ಮುಂಚೆ "ಅಪ್ಪಾ, ಒಂದಕ್ಕೆ" ಎಂದು ಗಾಡಿ ನಿಲ್ಲಿಸಿ, ಟ್ಯಾಂಕಿನ ಮಗ್ಗುಲಿಗೆ ಹೋಗಿ ತೂತು ಬಿಡಿಸಿ ಬರುತ್ತೇನೆ. ವಿಭೂತಿಯ ಪುಡಿ ಅಲುಗಾಟಕ್ಕೆ ಮತ್ತೆ ಕೂತರೆ ಎಂಬ ಭಯಕ್ಕೆ ಪಾವಗಡ ಸೇರುವಷ್ಟರಲ್ಲಿ ಇನ್ನೂ ಎರಡು ಸಲ ಇಳಿಯುತ್ತೇನೆ. ಗಾಡಿ ಒಮ್ಮೆಯೂ ನಿಂತಿಲ್ಲ.

"ಹಳೇ ಗಾಡಿ ಕಾಯಿಲೆ ಇವನಿಗೆ ಅಂಟೈತೆ ಕಣೇ" ಎಂದು ಅಪ್ಪ ಅಮ್ಮನಿಗೆ ಹೇಳಿದರಂತೆ. "ಬೆಟ್ಟ ಹತ್ರ ಬಂತು ಅಂದ್ರೆ ತಡಕೊಳಕ್ಕಾಗಲ್ಲ."

ಬರುವ ವಾರ ನನ್ನನ್ನು ಸಕ್ಕರೆ ಕಾಯಿಲೆಯ ಪರೀಕ್ಷೆಗೆ ಕರೆದೊಯ್ಯುತ್ತಾರೆ. ಅಲ್ಲಿಯವರೆಗೆ ಅಮ್ಮನ ಚಿಕಿತ್ಸೆ ನಡೆದಿದೆ. ದಿನಾ ಹೊರಡುವ ಮುಂಚೆ ಹಣೆಗೆ, ತೋಳಿಗೆ, ಹೊಟ್ಟೆಗೆ ವಿಭೂತಿ ಹಚ್ಚುತ್ತಾರೆ. ಹೊಟ್ಟೆಯ ನಡುಗೆರೆ ತುಂಡಾಗಬಾರದೆಂದು ಹೊಕ್ಕುಳಿಗೂ ತುಂಬಿ, ಹೆಬ್ಬೆರಳಿನಿಂದ ಒತ್ತಿ ಸಮ ಮಾಡುತ್ತಾರೆ.